ಮೂವತ್ತು ಕೋಣೆಯ ಮನೆ, ಬೆಚ್ಚಗಿದ್ದದ್ದು ಒಂದೇ

ಎರಡು ಸಂಚಿಕೆ ಹಿಂದೆ ಓದುಗರೊಬ್ಬರು ಇದೇ ಅಂಕಣದಲ್ಲಿ, ಚಳಿಗೆ ದೋಸೆ ಹಿಟ್ಟು ಹುಳಿ ಬರುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದರು. ಸ್ಕಾಟ್ಲೆಂಡಿನ ಹಳೇ ಬಂಗಲೆಯೊಂದರಲ್ಲಿ ಏಳು ವರ್ಷ ಇದ್ದು ಅಲ್ಲೇ ಹಿಟ್ಟು ಉಬ್ಬಿಸಿದವಳು ನಾನು, ಬೆಂಗಳೂರಿನ ಡಿಸೆಂಬರ್ ಯಾವ ಲೆಕ್ಕ ಎಂದು ಸುಮ್ನೆ ಒಂದು ಸಾಲು ಬರೆದೆ. ಅಷ್ಟೇ. ಹಿಟ್ಟಿನ ವಿಷಯ ಎಲ್ಲರೂ ಮರೆತರು, ಬಂದ ಪತ್ರಗಳೆಲ್ಲ ಆ ಬಂಗಲೆಯ ಬಗ್ಗೆ! ಹೆಸರು ಹಾಕಬೇಡಿ ಎಂದು ಕೆಲವರು ಬರೆದಿದ್ದಾರೆ, ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಅಷ್ಟು ದೊಡ್ಡ ಮನೆಯಲ್ಲಿ ಇದ್ದಿರಿ ಎಂದರೆ ನೀವು ಭಾರೀ ಶ್ರೀಮಂತರೇ ಇರಬೇಕು. ಆ ಮನೆ ನಿಮಗೆ ಸಿಕ್ಕಿದ್ದು ಹೇಗೆ? – ಹಾಸನ

ಶ್ರೀಮಂತರಾಗಿದ್ದರೆ ಆ ಮನೆಯಲ್ಲಿ ಇರುತ್ತಿರಲಿಲ್ಲ ಮಾರಾಯರೇ. 1995ರಲ್ಲಿ ನಮ್ಮವರಿಗೆ ಅಬರ್ಡೀನ್‌ನಲ್ಲಿ ಕೆಲಸ ಸಿಕ್ಕಿತು. ಉತ್ತರ ಸಮುದ್ರದ ತೈಲಕ್ಕಾಗಿ ಎಲ್ಲಿಂದೆಲ್ಲಿಂದಲೋ ಜನ ಬಂದು ಸೇರುತ್ತಿದ್ದ ಊರು, ಬಾಡಿಗೆ ಕೇಳಿದರೆ ತಲೆ ತಿರುಗುತ್ತಿತ್ತು. ಅಲ್ಲಿಂದ ಪಶ್ಚಿಮಕ್ಕೆ, ಡೀ ನದಿಯ ಕಣಿವೆಯಲ್ಲಿ, ಗ್ರಾನೈಟ್ ಕಲ್ಲಿನ ಹಳೇ ಬಂಗಲೆಯ ಒಂದು ಪಕ್ಕವನ್ನು ಬಾಡಿಗೆಗೆ ಕೊಡುತ್ತಾರೆ ಎಂದು ಯಾರೋ ಹೇಳಿದರು. ಒಂದು ಕಾಲದಲ್ಲಿ ಆಳುಕಾಳುಗಳು ಇದ್ದ ಭಾಗ ಅದು. ಬಾಡಿಗೆ, ಊರೊಳಗಿನ ಎರಡು ಕೋಣೆಯ ಫ್ಲ್ಯಾಟಿಗಿಂತ ಕಡಿಮೆ. ಯಾಕೆ ಕಡಿಮೆ ಎಂದು ನಾವು ಕೇಳಲಿಲ್ಲ. ನವೆಂಬರ್ ಬಂದಾಗ ತಾನಾಗಿಯೇ ಗೊತ್ತಾಯಿತು.

ಮನೆಯೊಡತಿ ಎಂಬತ್ತು ದಾಟಿದ ಅಜ್ಜಿ, ಒಬ್ಬರೇ. ಮೂವತ್ತು ಕೋಣೆಯಲ್ಲಿ ಅವರು ಬಳಸುತ್ತಿದ್ದದ್ದು ಮೂರು. ಉಳಿದ ಕಡೆ ಕುರ್ಚಿ ಮೇಜುಗಳ ಮೇಲೆಲ್ಲ ಬಿಳಿ ಬಟ್ಟೆ ಹೊದಿಸಿತ್ತು. ನನ್ನ ಮಗಳು ಮೊದಲ ದಿನದಿಂದಲೂ ಅವರನ್ನು 'ಅಜ್ಜೀ' ಎಂದೇ ಕರೆದಳು. ಅದು ತಮ್ಮದೇ ಹೆಸರಿನ ಕನ್ನಡ ಉಚ್ಚಾರಣೆ ಎಂದುಕೊಂಡರೋ ಏನೋ, ಕೊನೆಯವರೆಗೂ ಓಗೊಟ್ಟರು.

ಎಷ್ಟು ಚಳಿ ಇರುತ್ತಿತ್ತು? ಮನೆಗೆಲ್ಲ ಹೀಟರ್ ಇರಲಿಲ್ವಾ? – ಬಳ್ಳಾರಿ

ಬಳ್ಳಾರಿಯವರು ಕೇಳಲೇಬೇಕಾದ ಪ್ರಶ್ನೆ! ಹೀಟರ್ ಇತ್ತು. ಹಿತ್ತಿಲ ಕಡೆ ಎಣ್ಣೆಯ ಟ್ಯಾಂಕು, ಅದಕ್ಕೊಂದು ಬಾಯ್ಲರ್, ಕೋಣೆಕೋಣೆಗೂ ಬೀಡು ಕಬ್ಬಿಣದ ದಪ್ಪ ರೇಡಿಯೇಟರ್. ಆದರೆ ಹದಿನಾಲ್ಕು ಅಡಿ ಎತ್ತರದ ಸೂರು ಇದ್ದರೆ ಬಿಸಿ ಗಾಳಿ ನೇರ ಮೇಲೆ ಹೋಗಿ ಕೂರುತ್ತದೆ. ಸೂರಿನ ಅಂಚಿನಲ್ಲಿ ಗಾರೆಯ ಹೂಬಳ್ಳಿ ಬೆಚ್ಚಗೆ, ಕೆಳಗೆ ನಾವು ಕಂಬಳಿಯಲ್ಲಿ. ಗೋಡೆ ಮೂರಡಿ ದಪ್ಪ. ದಪ್ಪ ಗೋಡೆ ಬೆಚ್ಚಗಿರುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ, ಅಲ್ವಾ? ಒಮ್ಮೆ ತಣ್ಣಗಾದ ಮೂರಡಿ ಕಲ್ಲು ಮತ್ತೆ ಬಿಸಿಯಾಗಲು ಮೇ ತಿಂಗಳು ಬರಬೇಕು.

ಕಿಟಕಿಗಳು ಮೇಲೆ ಕೆಳಗೆ ಜಾರಿಸುವಂಥವು, ಒಂದೇ ಪದರದ ಗಾಜು. ಬೆಳಿಗ್ಗೆ ಎದ್ದರೆ ಗಾಜಿನ ಒಳಮೈಗೆ ಮಂಜು ಹೂವಿನ ಹಾಗೆ ಕಟ್ಟಿರುತ್ತಿತ್ತು, ಮಗಳು ಉಗುರಿನಲ್ಲಿ ಅದರ ಮೇಲೆ ಅ ಆ ಇ ಈ ಬರೆಯುತ್ತಿದ್ದಳು. ಎರಡು ಪದರದ ಗಾಜು ಹಾಕಿಸಬಹುದಿತ್ತಲ್ಲ ಎಂದರೆ, ಹಾಗೆಲ್ಲ ಹಾಕಿಸುವಂತಿಲ್ಲ. ಅಲ್ಲಿ ಹಳೇ ಕಟ್ಟಡಗಳನ್ನು ಎ, ಬಿ, ಸಿ ಎಂದು ಪಟ್ಟಿ ಮಾಡಿದ್ದಾರೆ. ಪಟ್ಟಿಯಲ್ಲಿರುವ ಮನೆಯ ಕಿಟಕಿ ಬದಲಾಯಿಸಲು ಸ್ಥಳೀಯ ಕೌನ್ಸಿಲ್ ಅನುಮತಿ ಬೇಕು. ನಮ್ಮದು ಬಿ. ಹಾಗಾಗಿ ರಾತ್ರಿಯಾದರೆ ಕಿಟಕಿಯ ಚೌಕಟ್ಟಿನೊಳಗೇ ಮಡಚಿಟ್ಟ ಮರದ ಬಾಗಿಲುಗಳನ್ನು ಎಳೆದು, ಅಡ್ಡಕ್ಕೆ ಕಬ್ಬಿಣದ ಪಟ್ಟಿ ಹಾಕಿ, ಅದರ ಮೇಲೆ ಪರದೆ, ಸಂದಿಗೆ ಹಳೇ ಸೀರೆ. ಡಿಸೆಂಬರ್‌ನಲ್ಲಿ ಬೆಳಕಾಗುವುದು ಎಂಟೂಮುಕ್ಕಾಲಿಗೆ, ಮಧ್ಯಾಹ್ನ ಮೂರೂವರೆಗೆ ಕತ್ತಲು. ಈ ಕೆಲಸ ಮುಗಿಯುವಷ್ಟರಲ್ಲಿ ದಿನವೇ ಮುಗಿದಿರುತ್ತಿತ್ತು.

ಬೆಚ್ಚಗಿದ್ದದ್ದು ಅಡುಗೆಮನೆ ಒಂದೇ. ಮೂವತ್ತು ಕೋಣೆ ಎಂದರೆ ಹೇಳಿಕೊಳ್ಳಲು ಚೆಂದ, ನಾವು ಬದುಕಿದ್ದು ಒಂದರಲ್ಲಿ.

ದೋಸೆ ಹಿಟ್ಟಿನ ಕಥೆ ಅರ್ಧಕ್ಕೇ ಬಿಟ್ಟಿರಿ. ಅದನ್ನು ಮೊದಲು ಹೇಳಿ. – ಉಡುಪಿ

ಪುಣ್ಯಕ್ಕೆ ನೀವೊಬ್ಬರಾದರೂ ನೆನಪಿಟ್ಟುಕೊಂಡಿರಿ. ಆ ಅಡುಗೆಮನೆಯಲ್ಲಿ ಆಗಾ ಎಂಬ ಒಲೆ ಇತ್ತು. ಸಣ್ಣ ಕಬ್ಬಿಣದ ಬೀರುವಿನಷ್ಟು ಗಾತ್ರ, ಎನಾಮಲ್ ಮೈ, ಮೇಲೆ ಮುಚ್ಚಳದ ಎರಡು ದುಂಡು ತಟ್ಟೆ. ಒಂದು ಕುದಿಸಲು, ಇನ್ನೊಂದು ಸಣ್ಣ ಬಿಸಿಗೆ. ಕಿವಿ ಹಿಂಡಿ ಉರಿ ಜಾಸ್ತಿ ಕಡಿಮೆ ಮಾಡುವ ಪಾಡಿಲ್ಲ, ಉರಿಯೇ ಕಾಣುವುದಿಲ್ಲ. ಹಗಲು ರಾತ್ರಿ ಆರದೆ ಕಾದೇ ಇರುತ್ತದೆ. ಇದನ್ನು 1922ರಲ್ಲಿ ಮಾಡಿದ್ದು ಗುಸ್ತಾಫ್ ದಾಲೆನ್ ಎಂಬ ಸ್ವೀಡನ್ನಿನ ವಿಜ್ಞಾನಿ. 1912ರಲ್ಲಿ ಅವನಿಗೆ ಭೌತಶಾಸ್ತ್ರದ ನೊಬೆಲ್ ಬಂತು, ಅದೇ ವರ್ಷ ಪ್ರಯೋಗ ಮಾಡುವಾಗ ಸ್ಫೋಟವಾಗಿ ಎರಡೂ ಕಣ್ಣು ಹೋಯಿತು. ಮನೆಯಲ್ಲೇ ಇದ್ದಾಗ ಹೆಂಡತಿ ಒಲೆ ಮುಂದೆ ಪಡುವ ಪಾಡು ತಿಳಿದು ಈ ಒಲೆ ಯೋಚಿಸಿದ ಎನ್ನುತ್ತಾರೆ. ಕಣ್ಣಿರುವ ಗಂಡಸರಿಗೆ ಅದು ಯಾಕೆ ಕಾಣುವುದಿಲ್ಲ ಎಂದು ನಾನು ನಮ್ಮವರನ್ನು ಆಗಾಗ ಕೇಳುತ್ತಿರುತ್ತೇನೆ.

ಹಿಟ್ಟಿನ ಪಾತ್ರೆಯನ್ನು ಆಗಾದ ಮೇಲೆ ಇಡಬಾರದು, ತಳ ಬೇಯುತ್ತದೆ. ಅದರ ಪಕ್ಕ ಒಂದು ಸ್ಟೂಲ್ ಮೇಲೆ, ಬಟ್ಟೆ ಸುತ್ತಿ ಇಡಬೇಕು. ಇದು ಗೊತ್ತಾಗುವ ಮೊದಲು ಎರಡು ಸಲ ಹಿಟ್ಟು ಉಕ್ಕಿ, ಒಲೆಯ ಬದಿಯಲ್ಲಿ ಇಳಿದು, ಅಲ್ಲೇ ಬೆಂದು ಗಟ್ಟಿಯಾಗಿ, ಚಾಕುವಿನಲ್ಲಿ ಕೆರೆಯಬೇಕಾಯಿತು. ಅಜ್ಜಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಇದಕ್ಕೆ ಉಪ್ಪು ಸ್ವಲ್ಪ ಬೇಕು ಎಂದರು.

ಅದೇ ಅಡುಗೆಮನೆಯ ಸೂರಿನಿಂದ ನಾಲ್ಕು ಉದ್ದ ಮರದ ಕೋಲುಗಳ ಚೌಕಟ್ಟು ಹಗ್ಗದಲ್ಲಿ ತೂಗುತ್ತಿತ್ತು. ಅವರು ಅದಕ್ಕೆ ಪುಲ್ಲಿ ಎನ್ನುತ್ತಾರೆ. ಕೆಳಗಿಳಿಸಿ ಒದ್ದೆ ಬಟ್ಟೆ ಹರಡಿ ಮತ್ತೆ ಮೇಲಕ್ಕೆ ಎಳೆದು ಗೋಡೆಯ ಕೊಕ್ಕೆಗೆ ಹಗ್ಗ ಸುತ್ತುವುದು. ಸೀರೆ ಒಣಗಿಸಲು ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಒಂದೇ ತೊಂದರೆ, ನಮ್ಮವರು ಆಫೀಸಿಗೆ ಹೋದರೆ ಅಂಗಿಯಿಂದ ಇಂಗಿನ ಒಗ್ಗರಣೆ ಘಮ್ಮೆನ್ನುತ್ತಿತ್ತು.

ಮನೆಗೆ ಗೋಪುರ ಇತ್ತಾ? ನಿಜವಾಗಲೂ ಯುದ್ಧ ಆಗಿತ್ತಾ ಅಲ್ಲಿ? – ಏಳನೇ ತರಗತಿ ವಿದ್ಯಾರ್ಥಿ, ಗದಗ

ಗೋಪುರ ಇತ್ತಪ್ಪಾ, ಎರಡು. ಯುದ್ಧ ಮಾತ್ರ ಆಗಿರಲಿಲ್ಲ. ನಮ್ಮ ಮನೆ ಕಟ್ಟಿದ್ದು 1860ರ ಸುಮಾರಿಗೆ, ಆಗ ಯಾರ ಮೇಲೂ ಬಾಣ ಬಿಡುವ ಪ್ರಸಂಗ ಇರಲಿಲ್ಲ. ನಮ್ಮ ಅದೇ ಕಣಿವೆಯಲ್ಲಿ ಮೇಲಕ್ಕೆ ಹೋದರೆ ವಿಕ್ಟೋರಿಯಾ ರಾಣಿಯ ಬಾಲ್ಮೊರಲ್ ಅರಮನೆ ಸಿಗುತ್ತದೆ, 1856ರಲ್ಲಿ ಮುಗಿದದ್ದು. ರಾಣಿಯ ಮನೆಗೆ ಗೋಪುರ ಬಂದ ಮೇಲೆ ಸುತ್ತಲಿನ ದುಡ್ಡಿದ್ದವರಿಗೆಲ್ಲ ಗೋಪುರ ಬೇಕಾಯಿತು. ನಮ್ಮಲ್ಲಿ ಒಬ್ಬರು ಮನೆ ಮುಂದೆ ಆನೆ ಬೊಂಬೆ ಇಟ್ಟರೆ ಬೀದಿಯಲ್ಲೆಲ್ಲ ಆನೆ ಆಗುತ್ತದಲ್ಲ, ಹಾಗೆ. ನಿಜವಾದ ಹಳೇ ಗೋಪುರಮನೆ ನೋಡಬೇಕಾದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಕ್ರೇಗಿವಾರ್‌ಗೆ ಹೋಗಬೇಕು. 1626ರಲ್ಲಿ ಕಟ್ಟಿ ಮುಗಿಸಿದ್ದು, ಏಳು ಅಂತಸ್ತು, ಮೈಗೆಲ್ಲ ನಸುಗೆಂಪು ಗಾರೆ. ದೂರದಿಂದ ಹುಟ್ಟುಹಬ್ಬದ ಕೇಕ್ ತರಹ ಕಾಣುತ್ತದೆ.

ನಿನಗೆ ಇಷ್ಟವಾಗುವ ಇನ್ನೊಂದು: ಮನೆಯ ತ್ರಿಕೋನ ಗೋಡೆಯ ಅಂಚು ನೇರ ಇರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತದೆ. ಅದಕ್ಕೆ ಅವರು 'ಕಾರ್ಬಿ ಸ್ಟೆಪ್ಸ್' ಎನ್ನುತ್ತಾರೆ, ಅಂದರೆ ಕಾಗೆ ಮೆಟ್ಟಿಲು. ನಮ್ಮನೆಯಲ್ಲಿ ಕಾಗೆಗಳು ನಿಜವಾಗಲೂ ಅಲ್ಲಿ ಸಾಲಾಗಿ ಕೂರುತ್ತಿದ್ದವು. ಉತ್ತರಕ್ಕೆ ಕಾರ್ಬಿಸ್‌ಡೇಲ್ ಎಂಬ ಕೋಟೆಮನೆ ಇದೆ. ಗಂಡನ ಮನೆಯವರ ಜೊತೆ ಆಸ್ತಿ ಜಗಳ ಮಾಡಿಕೊಂಡ ಡಚೆಸ್ ಒಬ್ಬಳಿಗಾಗಿ ಕಟ್ಟಿದ್ದು. ಅದರ ಗೋಪುರದಲ್ಲಿ ಮೂರು ದಿಕ್ಕಿಗೆ ಮಾತ್ರ ಗಡಿಯಾರ. ಗಂಡನ ಮನೆಯವರ ಊರಿನ ಕಡೆಗೆ ಇಲ್ಲ. ಅವರಿಗೆ ಟೈಮ್ ಕೂಡ ತೋರಿಸುವುದಿಲ್ಲ ಎಂದು ಹಟ ಹಿಡಿದಳು ಎಂದು ಅಲ್ಲಿನ ಜನ ಹೇಳುತ್ತಾರೆ. 1945ರಿಂದ 2011ರವರೆಗೆ ಅದು ಯೂತ್ ಹಾಸ್ಟೆಲ್ ಆಗಿತ್ತು. ನಾವು ಒಂದು ರಾತ್ರಿ ಅಲ್ಲಿ ಉಳಿದಿದ್ದೇವೆ. ಅಲ್ಲೂ ಚಳಿಯೇ.

ಇಂಥ ಬಂಗಲೆಗಳು ನಮ್ಮಿಂದ ದೋಚಿದ ದುಡ್ಡಿನಲ್ಲಿ ಕಟ್ಟಿದವಲ್ಲವೇ? ನಿಮಗೆ ಏನೂ ಅನ್ನಿಸಲಿಲ್ಲವೇ? – ಶ್ರೀರಂಗಪಟ್ಟಣ

ಅನ್ನಿಸಿತು. ನೀವು ಶ್ರೀರಂಗಪಟ್ಟಣದವರು, ನಿಮಗೆ ಇದು ಹೇಳಲೇಬೇಕು. ಪರ್ತ್‌ಶೈರಿನ ಕ್ರೀಫ್ ಎಂಬ ಊರಿನ ಹತ್ತಿರ ಗುಡ್ಡದ ಮೇಲೆ ಒಂದು ಕಲ್ಲುಕಂಬ ಇದೆ. ಯಾರದ್ದು ಗೊತ್ತಾ? ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನದ್ದು. 1780ರಲ್ಲಿ ಪೊಳ್ಳಿಲೂರು ಯುದ್ಧದಲ್ಲಿ ಸೆರೆ ಸಿಕ್ಕಿ 1784ರವರೆಗೆ ನಿಮ್ಮೂರಿನ ಸೆರೆಮನೆಯಲ್ಲಿದ್ದವನು. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನೂ ಅವನೇ. ಕಂಬ ಕಟ್ಟಿಸಿದ್ದು ಅವನ ಹೆಂಡತಿ. ನಮ್ಮ ಕಾರು ಆ ದಾರಿಯಲ್ಲಿ ಹೋಗುವಾಗ ಯಾವುದೋ ಯುದ್ಧದ ಗುರುತು ಎಂದುಕೊಂಡಿದ್ದೆ, ಹತ್ತಿರ ಹೋಗಿ ಓದಿದ ಮೇಲೆ ಮಾತೇ ಹೊರಡಲಿಲ್ಲ. ಇನ್ನೂ ಉತ್ತರಕ್ಕೆ ಹೋದರೆ ಫೈರಿಶ್ ಗುಡ್ಡದ ಮೇಲೆ ನಾಗಪಟ್ಟಣದ ಕೋಟೆ ಬಾಗಿಲಿನ ನಕಲು ನಿಂತಿದೆ. ಅಲ್ಲಿ ಯುದ್ಧ ಗೆದ್ದು ಬಂದ ಹೆಕ್ಟರ್ ಮನ್ರೋ ತನ್ನೂರಿನ ಬಡವರಿಗೆ ಕೂಲಿ ಸಿಗಲಿ ಎಂದು ಕಟ್ಟಿಸಿದ್ದಂತೆ.

ಎಲ್ಲ ಮನೆಗೂ ನಮ್ಮದೇ ದುಡ್ಡು ಹೋಗಿಲ್ಲ, ಅದನ್ನೂ ಹೇಳಬೇಕು. ಕೆಲವಕ್ಕೆ ಕಲ್ಲಿದ್ದಲು, ಕೆಲವಕ್ಕೆ ತಂಬಾಕು, ಕೆಲವಕ್ಕೆ ವೆಸ್ಟ್ ಇಂಡೀಸಿನ ಸಕ್ಕರೆ. ನಮ್ಮ ಮನೆಯ ದುಡ್ಡು ಎಲ್ಲಿಯದು ಎಂದು ಅಜ್ಜಿಯನ್ನೇ ಒಮ್ಮೆ ಕೇಳಿದೆ. "ಸಕ್ಕರೆ" ಎಂದರು. ಬೇರೇನೂ ಹೇಳಲಿಲ್ಲ, ಎದ್ದು ಹೋಗಿ ಬೆಂಕಿಗೆ ಕಟ್ಟಿಗೆ ಹಾಕಿದರು. ಸಕ್ಕರೆ ಎಂದರೆ ಗುಲಾಮರು. ಬ್ರಿಟನ್ 1833ರಲ್ಲಿ ಗುಲಾಮಗಿರಿ ತೆಗೆಯುವ ಕಾನೂನು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರಿಗಲ್ಲ, ಅವರನ್ನು ಇಟ್ಟುಕೊಂಡಿದ್ದವರಿಗೆ. ಆಮೇಲೆ ಆ ಮನೆಯ ದೊಡ್ಡ ಮೆಟ್ಟಿಲು ಹತ್ತುವಾಗೆಲ್ಲ ಅದು ನೆನಪಾಗುತ್ತಿತ್ತು. ಅಜ್ಜಿಯ ಮೇಲೆ ಕೋಪ ಬಂತೇ? ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನೀವು ಕೇಳಿದರೆ ನನ್ನ ಹತ್ತಿರ ಒಳ್ಳೇ ಉತ್ತರ ಇಲ್ಲ.

ದೆವ್ವ ಇತ್ತಾ? – ಕೊಳ್ಳೇಗಾಲ, ಚಿಕ್ಕಮಗಳೂರು, ಜಮಖಂಡಿ, ಮತ್ತೂ ಏಳು ಜನ

ಇದನ್ನು ಕೇಳದೆ ಬಿಡುತ್ತೀರಾ! ಕೆಳಗಿನ ಓಣಿಯಲ್ಲಿ, ನಮ್ಮ ಅಡುಗೆಮನೆ ಬಾಗಿಲ ಎದುರಿಗೇ, ಗೋಡೆಯ ಎತ್ತರದಲ್ಲಿ ಸಾಲಾಗಿ ಹದಿನೆಂಟು ಹಿತ್ತಾಳೆ ಗಂಟೆ. ಒಂದೊಂದೂ ಸುರುಳಿ ಸ್ಪ್ರಿಂಗಿನ ತುದಿಯಲ್ಲಿ, ಕೆಳಗೆ ಕೋಣೆಯ ಹೆಸರು. ಹಿಂದೆ ಯಜಮಾನರು ಮೇಲೆ ಹಿಡಿ ಎಳೆದರೆ ಗೋಡೆಯೊಳಗಿನ ತಂತಿ ಎಳೆದು ಇಲ್ಲಿ ಗಂಟೆ ಅಲ್ಲಾಡುತ್ತಿತ್ತು. ಮೊದಲ ಚಳಿಗಾಲ, ಜನವರಿ, ರಾತ್ರಿ ಎರಡು ಗಂಟೆ. ಠಣ್. ನಾನು ಎದ್ದು ಕೂತೆ. ಇನ್ನೊಂದು ಸಲ ಠಣ್. ನಮ್ಮವರು ಬ್ಯಾಟರಿ ಹಿಡಿದು ಓಣಿಗೆ ಹೋದರು. 'ನೀಲಿ ಮಲಗುವ ಕೋಣೆ' ಎಂದು ಬರೆದ ಗಂಟೆ ಇನ್ನೂ ನಡುಗುತ್ತಿತ್ತು. ನೀಲಿ ಕೋಣೆಗೆ ಬೀಗ ಹಾಕಿ ಇಪ್ಪತ್ತು ವರ್ಷ ಆಗಿತ್ತು.

ಬೆಳಿಗ್ಗೆ ಅಜ್ಜಿಗೆ ಹೇಳಿದರೆ, ಚಳಿ ಜೋರಾದರೆ ತಂತಿ ಬಿಗಿಯುತ್ತದೆ, ಇಲ್ಲವೇ ಇಲಿ ಓಡಿರುತ್ತದೆ ಎಂದು ಟೀ ಕುಡಿಯುತ್ತಲೇ ಹೇಳಿದರು. ನಾನು ನಂಬಿದೆ. ನಂಬಿದೆ ಎಂದೇ ಇಟ್ಟುಕೊಳ್ಳಿ. ಆ ಗಂಟೆಯ ನಾಲಿಗೆಗೆ ಒಂದು ಕಾಲುಚೀಲ ಕಟ್ಟಿದ್ದೂ ನಿಜ.

ಅಟ್ಟದಲ್ಲಿ ಬಾವಲಿಗಳಿದ್ದವು, ಅವುಗಳ ಗೂಡನ್ನು ಮುಟ್ಟುವಂತಿಲ್ಲ, ಅಲ್ಲಿನ ಕಾನೂನು. ದೆವ್ವಕ್ಕೆ ಅಂಥ ರಕ್ಷಣೆ ಏನೂ ಇಲ್ಲ.

ಸ್ಕಾಟ್ಲೆಂಡಿನ ಫೋಟೋಗಳಲ್ಲಿ ಎಷ್ಟೋ ಬಂಗಲೆಗಳಿಗೆ ಮಾಡೇ ಇರುವುದಿಲ್ಲ, ಗೋಡೆ ಮಾತ್ರ. ಯಾಕೆ? – ಶಿರಸಿ

ಎಲ್ಲ ಬಿದ್ದು ಹೋದವಲ್ಲ. ಎಷ್ಟೋ ಕಡೆ ಮಾಲೀಕರೇ ಕಿತ್ತದ್ದು! ಆ ಕಾಲದಲ್ಲಿ ಮಾಡು ಇರುವ ಮನೆಗೆ ತೆರಿಗೆ, ಖಾಲಿ ಇದ್ದರೂ ಕಟ್ಟಬೇಕಿತ್ತು. ಮಾಡು ಇಲ್ಲದಿದ್ದರೆ ಇಲ್ಲ. ಎರಡು ಮಹಾಯುದ್ಧ ಆಗಿ ಆಳುಗಳು ಸಿಗದೆ, ಅಪ್ಪ ಸತ್ತರೆ ಮಗ ದೊಡ್ಡ ತೆರಿಗೆ ಕಟ್ಟಬೇಕಾಗಿ, ನೋಡಿಕೊಳ್ಳಲಾರದವರು ಮಾಡು ಕಿತ್ತು ಸೀಸ, ಕಲ್ಲು, ಮರ ಮಾರಿಕೊಂಡರು. ಅಬರ್ಡೀನ್‌ಶೈರಿನ ಕಡಲಂಚಿನ ಸ್ಲೇನ್ಸ್ ಕೋಟೆಯ ಮಾಡು 1925ರಲ್ಲಿ ಹೋಯಿತು. ರಾಬರ್ಟ್ ಆಡಮ್‌ನಂಥ ದೊಡ್ಡ ವಾಸ್ತುಶಿಲ್ಪಿಯ ಡಾಲ್‌ಹರನ್ ಮನೆಯದ್ದು 1967ರಲ್ಲಿ. ಹ್ಯಾಮಿಲ್ಟನ್ ಅರಮನೆಯಂತೂ ಕೆಳಗೆ ಕಲ್ಲಿದ್ದಲು ಗಣಿ ತೋಡಿ ನೆಲ ಕುಸಿಯುವ ಹಾಗಾಗಿ 1920ರ ದಶಕದಲ್ಲಿ ಪೂರ್ತಿ ನೆಲಸಮವಾಯಿತು.

ಮಾಡೇ ಆ ಮನೆಗಳ ಪ್ರಾಣ. ಹೊದಿಸಿರುವುದು ಹೆಂಚಲ್ಲ, ಸ್ಲೇಟ್ ಕಲ್ಲಿನ ತೆಳು ಬಿಲ್ಲೆ. ಕಲ್ಲು ನೂರೈವತ್ತು ವರ್ಷಕ್ಕೂ ಏನೂ ಆಗುವುದಿಲ್ಲ, ಅದನ್ನು ಹಿಡಿದ ಮೊಳೆ ತುಕ್ಕು ಹಿಡಿಯುತ್ತದೆ, ಒಂದು ಗಾಳಿಯ ರಾತ್ರಿ ಬಿಲ್ಲೆ ಸರ್ರನೆ ಜಾರಿ ಅಂಗಳದಲ್ಲಿ ಪುಡಿ. ಪ್ರಸಿದ್ಧವಾದ ಬ್ಯಾಲಹೂಲಿಶ್ ಗಣಿ 1955ರಲ್ಲೇ ಮುಚ್ಚಿದೆ, ಹಾಗಾಗಿ ಅಂಥ ಕಲ್ಲು ಬೇಕಾದರೆ ಬಿದ್ದ ಮನೆಗಳಿಂದ ತಂದು ಹಾಕಬೇಕು. ನಮ್ಮ ಅಜ್ಜಿ ತೊಂಬತ್ತರ ಹತ್ತಿರ ಬಂದರೂ ಮಳೆ ಬಂದ ತಕ್ಷಣ ಛತ್ರಿ ಹಿಡಿದು ಮನೆ ಸುತ್ತ ಒಂದು ಸುತ್ತು ಬರುತ್ತಿದ್ದರು. ನೀರು ಎಲ್ಲಿಂದ ಬೀಳಬೇಕೋ ಅಲ್ಲಿಂದಲೇ ಬೀಳುತ್ತಿದೆಯಾ ಎಂದು ನೋಡುವುದು. ನಾನು ಮೊದಮೊದಲು ಅವರಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಆಮೇಲೆ ನಾನೂ ಜೊತೆಗೆ ಹೊರಟೆ.

ನಮ್ಮದೂ ಅಜ್ಜನ ಕಾಲದ ದೊಡ್ಡ ಕಲ್ಲುಮನೆ. ಗೋಡೆ ಒದ್ದೆಯಾಗುತ್ತಿದೆ, ಸಿಮೆಂಟ್ ಬಳಿಸಿಬಿಡಿ ಎನ್ನುತ್ತಾರೆ. ಬಳಿಸಲಾ? – ತೀರ್ಥಹಳ್ಳಿ

ದಯವಿಟ್ಟು ಅವಸರ ಮಾಡಬೇಡಿ. ನಾನು ಎಂಜಿನಿಯರ್ ಅಲ್ಲ, ನೋಡಿದ್ದು ಹೇಳುತ್ತೇನೆ. ನಮ್ಮ ಬಂಗಲೆಯ ಉತ್ತರದ ಗೋಡೆಗೆ ಯಾರೋ ಹಿಂದೆ ಸಂದಿಗೆಲ್ಲ ಸಿಮೆಂಟ್ ತುಂಬಿಸಿದ್ದರು. ಹಳೇ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಮಳೆ ನೀರು ಸ್ವಲ್ಪ ಒಳಗೆ ಹೋಗುತ್ತದೆ, ಬಿಸಿಲು ಗಾಳಿಗೆ ಸುಣ್ಣದ ಮೂಲಕವೇ ಹೊರಗೆ ಬರುತ್ತದೆ. ಸಿಮೆಂಟ್ ಹಾಕಿದರೆ ಕೂದಲೆಳೆ ಬಿರುಕಿನಲ್ಲಿ ನೀರು ಒಳಗೆ ಹೋಗುವುದು ನಿಲ್ಲುವುದಿಲ್ಲ, ಹೊರಗೆ ಬರುವ ದಾರಿ ಮಾತ್ರ ಮುಚ್ಚುತ್ತದೆ. ಆ ಒಂದು ಗೋಡೆಯ ಒಳಗೆ ಸದಾ ಬೂಷ್ಟು. ಕೊನೆಗೆ ಅಲ್ಲಿನ ನೆಲದ ಹಲಗೆಗೆ ಒಂದು ಬಗೆಯ ಶಿಲೀಂಧ್ರ ಹಿಡಿಯಿತು. ಕೋಣೆಯೊಳಗೆ ಹೋದರೆ ಅಣಬೆ ವಾಸನೆ, ಮೇಲೆಲ್ಲ ತುಕ್ಕಿನ ಬಣ್ಣದ ಪುಡಿ. ಅದು ಕಲ್ಲುಗೋಡೆ ದಾಟಿ ಪಕ್ಕದ ಕೋಣೆಯ ಮರಕ್ಕೂ ಹೋಗುತ್ತದೆ. ಗಂಡಾಂತರದ ಜಾತಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದ್ದೀರಾ? ಮಾಡಿನಂಚಿನ ನೀರಿನ ದೋಣಿಯಲ್ಲಿ ಎಲೆ ಕಟ್ಟಿದೆಯಾ? ಅಂಗಳದ ಮಣ್ಣು ಗೋಡೆ ಬುಡಕ್ಕಿಂತ ಎತ್ತರ ಬಂದಿದೆಯಾ? ಆಮೇಲೆ ಗಾರೆ ಕೆಲಸ ಗೊತ್ತಿರುವ ಹಳೇ ಮೇಸ್ತ್ರಿಯನ್ನು ಹುಡುಕಿ. ಇನ್ನೂ ಇದ್ದಾರೆ, ಕೇಳಿದರೆ ಸಿಗುತ್ತಾರೆ.

ಅಲ್ಲಿನ ಜನ ನಿಮ್ಮನ್ನು ಹೇಗೆ ನೋಡಿಕೊಂಡರು? ಭಾಷೆ ಅರ್ಥ ಆಗುತ್ತಿತ್ತಾ? – ಧಾರವಾಡ

ಧಾರವಾಡದವರಿಗೆ ಬೇಗ ಅರ್ಥ ಆಗಬಹುದು. ಅಬರ್ಡೀನ್ ಕಡೆ ಹೇಗಿದ್ದೀರಿ ಎನ್ನುವುದಕ್ಕೆ 'ಫಿಟ್ ಲೈಕ್' ಎನ್ನುತ್ತಾರೆ. ಎಲ್ಲಿಯವರು ಎನ್ನುವುದಕ್ಕೆ 'ಫಾರ್ ಯೂ ಫೇ'. ಅಂಗಡಿಗೆ ಸಾಮಾನು ತರಲು ಹೋದರೆ 'ಮೆಸೇಜಸ್' ತರಲು ಹೋದ ಹಾಗೆ. ಯಾರಿಗೆ ಇಷ್ಟೊಂದು ಸಂದೇಶ ಬರುತ್ತದೆ ಎಂದು ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ಡಿಸೆಂಬರ್ 31ರ ರಾತ್ರಿ ಅವರಿಗೆ ದೊಡ್ಡ ಹಬ್ಬ, ಹಾಗ್ಮನೇ ಎನ್ನುತ್ತಾರೆ. ಹನ್ನೆರಡು ಹೊಡೆದ ಮೇಲೆ ಹೊಸ್ತಿಲು ದಾಟುವ ಮೊದಲ ಮನುಷ್ಯ ಎತ್ತರದ, ಕಪ್ಪು ಕೂದಲಿನ ಗಂಡಸಾಗಿದ್ದರೆ ವರ್ಷವೆಲ್ಲ ಅದೃಷ್ಟ. ಕೈಯಲ್ಲಿ ಕಲ್ಲಿದ್ದಲ ತುಂಡು, ಬಿಸ್ಕತ್ತು, ವಿಸ್ಕಿ ಹಿಡಿದು ಬರಬೇಕು. ಅಜ್ಜಿ ನಮ್ಮವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎತ್ತರ ಸಾಲದು, ಕೂದಲು ಮಾತ್ರ ಬಹಳ ಚೆನ್ನಾಗಿದೆ ಎಂದು ಹನ್ನೊಂದೂ ಐವತ್ತಕ್ಕೆ ಹಿತ್ತಿಲ ಬಾಗಿಲಿಂದ ಹೊರಗೆ ಅಟ್ಟಿದರು. ಹೊರಗೆ ಹಿಮ. ಹನ್ನೆರಡಾಯಿತು, ಅವರು ಮುಂಬಾಗಿಲು ತಟ್ಟಿದರು. ಇಲ್ಲಿ ನೋಡಿದರೆ ಬಾಗಿಲು ತೆಗೆಯಲು ಬರುತ್ತಿಲ್ಲ. ಹೋದ ಹಾಗ್ಮನೇ ಆದ ಮೇಲೆ ಯಾರೂ ಅದನ್ನು ತೆರೆದಿರಲಿಲ್ಲ, ತೇವಕ್ಕೆ ಮರ ಉಬ್ಬಿ ಕೂತಿತ್ತು. ಒಳಗಿನಿಂದ ನಾನು, ಅಜ್ಜಿ, ಪಕ್ಕದ ತೋಟದವರು ಎಳೆಯುವುದು, ಹೊರಗಿನಿಂದ ನಮ್ಮವರು ಹೆಗಲು ಕೊಟ್ಟು ತಳ್ಳುವುದು. ಹನ್ನೆರಡೂ ಹತ್ತಕ್ಕೆ ಬಾಗಿಲು ಒಮ್ಮೆಲೇ ಬಿಟ್ಟು, ಕಲ್ಲಿದ್ದಲ ಸಮೇತ ಇವರು ಅಂಗಾತ ಒಳಗೆ ಬಿದ್ದರು. 'ಲಾಂಗ್ ಮೇ ಯರ್ ಲಮ್ ರೀಕ್' ಎಂದು ಅಜ್ಜಿ ಲೋಟ ಎತ್ತಿದರು. ನಿಮ್ಮ ಚಿಮಣಿಯಲ್ಲಿ ಸದಾ ಹೊಗೆ ಆಡಲಿ ಎಂದು ಹರಸುವ ಮಾತು. ಅದಕ್ಕೆ ತೋಟದವರು, ಬೇರೆಯವರ ಕಲ್ಲಿದ್ದಲಲ್ಲಿ, ಎಂದು ಸೇರಿಸಿದರು. ಏಳು ವರ್ಷವೂ ಆ ಕೆಲಸ ನಮ್ಮವರದ್ದೇ ಆಯಿತು. ಕೊನೆಕೊನೆಗೆ ಕೂದಲು ಬೆಳ್ಳಗಾಗಿತ್ತು, ಅಜ್ಜಿಗೆ ಕಣ್ಣು ಮಂದ, ಯಾರೂ ಹೇಳಲಿಲ್ಲ.

ಆ ಮನೆ ಈಗ ಏನಾಗಿದೆ? ಅಜ್ಜಿ ಇದ್ದಾರಾ? – ಮಂಗಳೂರು

ಅಜ್ಜಿ 2002ರ ಫೆಬ್ರವರಿಯಲ್ಲಿ ಹೋದರು, ಅಡುಗೆಮನೆ ಪಕ್ಕದ ಕೋಣೆಯಲ್ಲಿ. ಮನೆ ಮಾರಾಟವಾಯಿತು, ನಾವು ಅದೇ ಬೇಸಿಗೆಗೆ ಮೈಸೂರಿಗೆ ಬಂದೆವು. 2014ರಲ್ಲಿ ಮಗಳ ಜೊತೆ ಹೋಗಿ ನೋಡಿದೆ. ಒಳಗೆ ಆರು ಫ್ಲ್ಯಾಟ್ ಮಾಡಿದ್ದಾರೆ. ಮಾಡು ಹೊಸದು, ಒಂದು ಬಿಲ್ಲೆಯೂ ಜಾರಿಲ್ಲ, ನೋಡಿ ಸಮಾಧಾನವಾಯಿತು. ಆಗಾ ಇಲ್ಲ. ಹದಿನೆಂಟು ಗಂಟೆ ಹಾಗೇ ಇವೆ, ಒಂದಕ್ಕೆ ಕಟ್ಟಿದ ಕಾಲುಚೀಲವನ್ನು ಮಾತ್ರ ಯಾರೋ ಬಿಚ್ಚಿದ್ದಾರೆ.

ಸಾಯುವ ಮುಂಚಿನ ಶರತ್ಕಾಲದಲ್ಲಿ ಅಜ್ಜಿ ನನಗೆ ಓಟ್ಸ್ ರೊಟ್ಟಿ ಸುಡುವ ತಮ್ಮ ಕಾವಲಿ ಕೊಟ್ಟಿದ್ದರು. ಗರ್ಡಲ್ ಎನ್ನುತ್ತಾರೆ. ದಪ್ಪ ಬೀಡು ಕಬ್ಬಿಣ, ಮೇಲೆ ಬುಟ್ಟಿಯ ಹಾಗೆ ಕಮಾನು ಹಿಡಿ, ಅವರ ಅತ್ತೆಯ ಕಾಲದ್ದಂತೆ. ವಿಮಾನದ ಲಗೇಜಿನಲ್ಲಿ ತೂಕ ಜಾಸ್ತಿಯಾಗಿ ಎರಡು ಕೋಟು ಬಿಟ್ಟು ಬಂದೆ, ಅದನ್ನು ತಂದೆ. ಹಿಟ್ಟು ಹರಡುವಾಗ ಹಿಡಿ ಅಡ್ಡ ಬರುತ್ತದೆ, ಕೈ ಎರಡು ಮೂರು ಸಲ ಸುಟ್ಟುಕೊಂಡಿದ್ದೇನೆ. ದೋಸೆ ಮಾತ್ರ ಗರಿಗರಿಯಾಗಿ ಏಳುತ್ತದೆ.